ಸವರಿದ ಕೊಂಬೆಯ ಶಾಖ
ಹದಡಿಯ ನಮ್ಮ ತೋಟದಲ್ಲಿ ಮಾವಿನ ಕೊಯ್ಲು ಮುಗಿದ ಮೇಲೆ ಕೊಂಬೆ ಸವರುತ್ತೇವೆ. ಅದನ್ನು ಬದುವಿನಲ್ಲೇ ಸುಡುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಅಡಿಕೆ ಬೇಯಿಸಲು ಸೌದೆ ಕೊಳ್ಳುವವರೂ ಅವರೇ! ಹಸಿ ಕೊಂಬೆಯ ತೂಕದಲ್ಲಿ ಹತ್ತಿರಹತ್ತಿರ ಅರ್ಧ ನೀರು. ಹಾಗೇ ಒಲೆಗೆ ತುರುಕಿದರೆ ಶಾಖವೆಲ್ಲ ನೀರು ಆರಿಸುವುದಕ್ಕೇ ಹೋಗಿ ಬರೀ ಹೊಗೆ. ಮೊಳದುದ್ದ ಕಡಿದು, ಗಾಳಿಯಾಡುವಂತೆ ಅಡ್ಡಡ್ಡ ಪೇರಿಸಿ, ಮಳೆ ಬೀಳದಂತೆ ಮೇಲೆ ತಗಡು ಹೊದಿಸುತ್ತೇನೆ. ಮುರಿದಾಗ ಚಟ್ಟೆಂದರೆ ಒಣಗಿದೆ. ಅಂಥ ಒಂದು ಕಿಲೋದಲ್ಲಿ ಸುಮಾರು 4 ಯೂನಿಟ್ ಕರೆಂಟಿನಷ್ಟು ಶಾಖವಿದೆ, ಹಳೇ ಒಲೆಯಲ್ಲಿ ಬಹುಪಾಲು ಪೋಲು.

ಕಟ್ಟಿಗೆಯಿಂದ ಕರೆಂಟೂ ಬರುತ್ತದೆ. ಗಾಳಿ ಕಡಿಮೆ ಕೊಟ್ಟು ಸುಟ್ಟರೆ ಉರಿಯುವ ಅನಿಲ ಹುಟ್ಟುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಅದನ್ನು ಡೀಸೆಲ್ ಎಂಜಿನ್ನಿಗೆ ಕೊಟ್ಟು ಮನೆಗಳಿಗೆ ದೀಪ ಹಚ್ಚಿದರು. ಎಲೆ, ಸಣ್ಣ ಕಡ್ಡಿ ಮಾತ್ರ ನಾನು ಸುಡುವುದಿಲ್ಲ. ಅವು ಗಿಡದ ಬುಡಕ್ಕೆ.