ಎರಡು ಮಳೆಗಳ ನಡುವಣ ದಿನಗಳು

ರೋಹಿಣಿಯಿಂದ ಸ್ವಾತಿಯವರೆಗಿನ ಮಳೆ ನಕ್ಷತ್ರಗಳನ್ನು ತಡವರಿಸದೆ ಹೇಳಬಲ್ಲ ಹಿರಿಯರು ಕುಷ್ಟಗಿ, ಯಲಬುರ್ಗಾ ಸೀಮೆಯ ಹಳ್ಳಿಗಳಲ್ಲಿ ಇಂದಿಗೂ ಉಂಟು. ಮಳೆ ಎಷ್ಟು ಬಿತ್ತೆಂದು ಕೇಳುವುದಕ್ಕೆ ಮುಂಚೆ ಬಿದ್ದು ಎಷ್ಟು ದಿನವಾಯಿತೆಂದು ಕೇಳುವುದು ಅವರ ರೂಢಿ. ಆ ರೂಢಿಯ ಹಿಂದೆ ತಲೆಮಾರುಗಳ ಅನುಭವವಿದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳನ್ನೊಳಗೊಂಡ ಈ ನಾಡಿನಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸಿನದು. ಅಷ್ಟೇ ಮಳೆ ಹದವರಿತು ಹಂಚಿ ಬಿದ್ದಿತೆಂದರೆ ಸಜ್ಜೆ, ಹೆಸರು, ತೊಗರಿಗಳು ಕೈಗೆ ಬರುತ್ತವೆ. ನಾಲ್ಕಾರು ದಿನಗಳಲ್ಲಿ ಸುರಿದುಹೋಗಿ ಮುಂದೆ ತಿಂಗಳುಗಟ್ಟಲೆ ಮುಖ ತೋರದಿದ್ದರೆ ಮೊಳೆತ ಪೈರು ಹೊಲದಲ್ಲಿಯೇ ಬಾಡುತ್ತದೆ. ಒಟ್ಟು ಮೊತ್ತವನ್ನಷ್ಟೇ ನೋಡುವವನಿಗೆ ಈ ಎರಡು ವರ್ಷಗಳೂ ಸಮಾನವಾಗಿಯೇ ಕಾಣುವುವು. ಅವುಗಳ ಭೇದವನ್ನು ತೋರಿಸಿಕೊಡಬಲ್ಲುದು ಒಂದು ಮಳೆಗೂ ಮುಂದಿನ ಮಳೆಗೂ ನಡುವಣ ದಿನಗಳ ಲೆಕ್ಕ. ಮೇಲುನೋಟಕ್ಕೆ ಇದು ಕೇವಲ ವ್ಯವಕಲನ. ಆದರೆ ಹಲವು ಊರುಗಳ ಮಳೆ ಒಂದೇ ಪಟ್ಟಿಯಲ್ಲಿ ಬರೆದಿರುವಾಗ ಈ ವ್ಯವಕಲನದಲ್ಲಿ ಎಡವುವವರು ಬಹುಮಂದಿ.

ಭಾರತೀಯ ಹವಾಮಾನ ಇಲಾಖೆ ಸ್ಥಾಪಿತವಾದದ್ದು 1875ರಲ್ಲಿ. ಮರುವರ್ಷ ಧಾತು ಸಂವತ್ಸರ, ಅದರ ಮುಂದಿನದು ಈಶ್ವರ. 1876ರಿಂದ 1878ರವರೆಗೆ ದಕ್ಷಿಣ ದೇಶವನ್ನು ಹಿಂಡಿದ ಕ್ಷಾಮವನ್ನು ಜನರು ‘ಧಾತು ಈಶ್ವರ ಬರ’ ಎಂದೇ ನೆನಪಿಟ್ಟುಕೊಂಡರು. ಮಳೆಯನ್ನು ದಿನವಹಿ ಅಳೆದು ಬರೆದಿಡುವ ಕಾರ್ಯದ ಬೆಲೆ ಏನೆಂಬುದಕ್ಕೆ ಆ ಹೆಸರೇ ಸಾಕು. ಇಲಾಖೆಯ ಕ್ರಮದಂತೆ ಒಂದು ದಿನ ಬೆಳಗಿನ 8.30ರಿಂದ ಮರುದಿನ ಬೆಳಗಿನ 8.30ರವರೆಗೆ ಮಳೆಮಾಪಕದಲ್ಲಿ 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ನೀರು ಶೇಖರವಾದರೆ ಅದನ್ನು ‘ಮಳೆ ದಿನ’ವೆಂದು ಗಣಿಸಲಾಗುತ್ತದೆ. ಅದಕ್ಕಿಂತ ಕಡಿಮೆಯ ತುಂತುರಿಗೆ ಈ ಲೆಕ್ಕದಲ್ಲಿ ಸ್ಥಾನವಿಲ್ಲ. ನಿಜ ಹೇಳುವುದಾದರೆ ಮೂರು ಮಿಲಿಮೀಟರ್ ಮಳೆ ಯಲಬುರ್ಗಾದ ಎರೆಭೂಮಿಯ ಮೇಲ್ಪದರವನ್ನೂ ಸರಿಯಾಗಿ ತೋಯಿಸಲಾರದು. ಕೂರಿಗೆ ಹೂಡುವ ರೈತನು ಅದನ್ನು ಹದ ಮಳೆಯೆಂದು ಒಪ್ಪಲಾರನು. ಆದರೂ ಎಲ್ಲ ಊರುಗಳಿಗೂ ಒಂದೇ ಅಳತೆಗೋಲು ಇರಬೇಕಾದುದರಿಂದ ಇಲಾಖೆಯ ಗೆರೆಯನ್ನೇ ಇಲ್ಲಿ ಹಿಡಿಯೋಣ.

ವಿಷಯ ಸ್ಪಷ್ಟವಾಗಲೆಂದು ಒಂದು ಕಲ್ಪಿತ ಪಟ್ಟಿಯನ್ನು ತೆಗೆದುಕೊಳ್ಳಬಹುದು. ತಾಲ್ಲೂಕಿಗೆ ಒಂದರಂತೆ ನಾಲ್ಕು ಮಳೆಮಾಪಕ ಕೇಂದ್ರಗಳಿವೆ. ಬರೆಯುವವನು ಎಲ್ಲವನ್ನೂ ತಾರೀಖಿನ ಕ್ರಮದಲ್ಲಿ ಒಂದರ ಕೆಳಗೊಂದರಂತೆ ಬರೆದಿದ್ದಾನೆ. ಜೂನ್ 4 ಕೊಪ್ಪಳ. ಜೂನ್ 4 ಗಂಗಾವತಿ. ಜೂನ್ 6 ಗಂಗಾವತಿ. ಜೂನ್ 9 ಕುಷ್ಟಗಿ. ಜೂನ್ 11 ಯಲಬುರ್ಗಾ. ಜೂನ್ 19 ಕೊಪ್ಪಳ. ಜೂನ್ 30 ಯಲಬುರ್ಗಾ. ಜುಲೈ 3 ಕುಷ್ಟಗಿ. ಜುಲೈ 8 ಕುಷ್ಟಗಿ. ಜುಲೈ 10 ಗಂಗಾವತಿ. ಜುಲೈ 25 ಕೊಪ್ಪಳ. ಒಟ್ಟು ಹನ್ನೊಂದು ಸಾಲುಗಳು.

ಪ್ರತಿ ಸಾಲಿನ ತಾರೀಖಿನಿಂದ ಅದರ ಮೇಲಿನ ಸಾಲಿನ ತಾರೀಖನ್ನು ಕಳೆಯುತ್ತ ಹೋದರೆ ದೊರೆಯುವ ಸಂಖ್ಯೆಗಳು ಇವು: 0, 2, 3, 2, 8, 11, 3, 5, 2, 15. ಇವುಗಳ ಸರಾಸರಿ 5.1, ಅತಿ ದೊಡ್ಡ ಅಂತರ 15 ದಿನ. ಇದನ್ನು ನೋಡಿದ ಅಧಿಕಾರಿಯು ಐದು ದಿನಕ್ಕೊಮ್ಮೆ ಮಳೆಯಾಗುತ್ತಿದೆ, ಭಯವಿಲ್ಲ ಎಂದು ಷರಾ ಬರೆದರೆ ಅವನ ಗಣಿತದಲ್ಲಿ ಲೋಪ ಹುಡುಕುವುದು ಕಷ್ಟ. ಲೋಪವಿರುವುದು ಕಳೆದ ರೀತಿಯಲ್ಲಿ. ಯಲಬುರ್ಗಾದ ಜೂನ್ 11ರಿಂದ ಕುಷ್ಟಗಿಯ ಜೂನ್ 9ನ್ನು ಕಳೆದಾಗ ಬಂದ 2 ಯಾವ ಹೊಲದ ಲೆಕ್ಕ? ಆ ಎರಡು ದಿನಗಳನ್ನು ಅನುಭವಿಸಿದ ಪೈರು ಎಲ್ಲಿಯೂ ಇಲ್ಲ. ಕುಷ್ಟಗಿಯಲ್ಲಿ ಬಿದ್ದ ಮಳೆಯಿಂದ ಯಲಬುರ್ಗಾದ ಬೇರು ನೆನೆಯದು.

ಆದುದರಿಂದ ಮೊದಲು ಸಾಲುಗಳನ್ನು ಕೇಂದ್ರಾನುಸಾರ ಗುಂಪು ಮಾಡಬೇಕು. ಅನಂತರ ಪ್ರತಿ ಗುಂಪಿನೊಳಗೆ ತಾರೀಖಿನ ಕ್ರಮದಲ್ಲಿ ಜೋಡಿಸಬೇಕು. ಆಮೇಲೆ ಪ್ರತಿ ಸಾಲಿನಿಂದ ಅದೇ ಗುಂಪಿನ ಹಿಂದಿನ ಸಾಲನ್ನು ಕಳೆಯಬೇಕು. ಹಾಗೆ ಮಾಡಿದಾಗ ಕೊಪ್ಪಳಕ್ಕೆ 15 ಮತ್ತು 36, ಗಂಗಾವತಿಗೆ 2 ಮತ್ತು 34, ಕುಷ್ಟಗಿಗೆ 24 ಮತ್ತು 5, ಯಲಬುರ್ಗಾಕ್ಕೆ 19 ಬರುತ್ತವೆ. ಅಂತರಗಳು ಏಳು, ಅವುಗಳ ಸರಾಸರಿ 19 ದಿನಕ್ಕೂ ಮೇಲು. ಹದಿನೈದೇ ದಿನದ್ದೆಂದು ತೋರುತ್ತಿದ್ದ ಅತಿ ದೊಡ್ಡ ಅಂತರ ನಿಜವಾಗಿ ಮೂವತ್ತಾರು ದಿನಗಳದ್ದು. ಸಾಲುಗಳು ಅವೇ, ತಾರೀಖುಗಳು ಅವೇ; ಒಂದು ಲೆಕ್ಕದಲ್ಲಿ ಸುಭಿಕ್ಷ, ಇನ್ನೊಂದರಲ್ಲಿ ಬರದ ಮುನ್ಸೂಚನೆ. ಕೇಂದ್ರ ಸರ್ಕಾರದ 2016ರ ಬರ ನಿರ್ವಹಣಾ ಕೈಪಿಡಿಯು ಮೂರು ನಾಲ್ಕು ವಾರಗಳ ಮಳೆಯಿಲ್ಲದ ಅಥವಾ ಅಲ್ಪಮಳೆಯ ಅವಧಿಯನ್ನು ಬರದ ಲಕ್ಷಣಗಳಲ್ಲಿ ಒಂದಾಗಿ ಪರಿಗಣಿಸುತ್ತದೆ. ಬೇಗನೆ ಒಣಗುವ ಹಗುರ ಭೂಮಿಗೆ ಮೂರು ವಾರವೇ ಸಾಕು. ಮಸಾರಿ ಭೂಮಿಯ ರೈತನಿಗೆ ಪರಿಹಾರದ ಬಾಗಿಲು ತೆರೆಯುವುದೋ ಮುಚ್ಚುವುದೋ ಎಂಬುದು ಈ ಒಂದು ವ್ಯವಕಲನದ ಮೇಲೆ ನಿಂತಿರುವ ಸಂದರ್ಭಗಳುಂಟು. ಗಂಗಾವತಿಯ ಕಾಲುವೆಯಂಚಿನ ಭತ್ತದ ಗದ್ದೆಗೆ ತುಂಗಭದ್ರೆಯ ಎಡದಂಡೆಯ ನೀರು ಹರಿಯುತ್ತಿರುವಾಗ 34 ದಿನಗಳ ಅಂತರ ಅಷ್ಟಾಗಿ ಬಾಧಿಸದು. ಕುಷ್ಟಗಿಯ ಸಜ್ಜೆಯ ಹೊಲಕ್ಕೆ 24 ದಿನವೇ ಹೆಚ್ಚು.

ಪರಂಪರೆಯ ನಕ್ಷತ್ರಗಣನೆ ಇಲ್ಲಿ ಎಷ್ಟು ನೆರವಾಗುತ್ತದೆ ಎಂಬುದು ವಿಚಾರಾರ್ಹ. ಸೂರ್ಯನು 27 ನಕ್ಷತ್ರಗಳನ್ನು ಒಂದು ವರ್ಷದಲ್ಲಿ ಹಾಯ್ದುಹೋಗುವುದರಿಂದ ಒಂದೊಂದಕ್ಕೆ ಸರಾಸರಿ ಹದಿಮೂರೂವರೆ ದಿನ. ಜುಲೈ ತಿಂಗಳ ಆರಂಭದಲ್ಲಿ ಭೂಮಿ ಸೂರ್ಯನಿಂದ ಅತಿ ದೂರದಲ್ಲಿದ್ದು ನಿಧಾನವಾಗಿ ಚಲಿಸುವುದರಿಂದ ಮುಂಗಾರಿನ ನಕ್ಷತ್ರಗಳಿಗೆ ಹದಿನಾಲ್ಕು ದಿನಗಳ ಅವಧಿ ದೊರೆಯುತ್ತದೆ. ಸಾಮಾನ್ಯವಾಗಿ ಜೂನ್ 8ರ ಸುಮಾರಿಗೆ ಮೃಗಶಿರೆ, 22ಕ್ಕೆ ಆರಿದ್ರೆ, ಜುಲೈ 6ಕ್ಕೆ ಪುನರ್ವಸು, 20ಕ್ಕೆ ಪುಷ್ಯ ಪ್ರವೇಶಿಸುತ್ತವೆ. ಮೇಲಿನ ಪಟ್ಟಿಯಲ್ಲಿ ಕೊಪ್ಪಳದ ಮಳೆ ಮೃಗಶಿರೆಯಲ್ಲಿ ನಿಂತದ್ದು ಪುಷ್ಯದಲ್ಲಿ ಬಂದಿತು. ಆರಿದ್ರೆ, ಪುನರ್ವಸು ಎರಡೂ ಪೂರ್ಣವಾಗಿ ಕೈಕೊಟ್ಟವು. ಇದನ್ನು ಹಳ್ಳಿಯ ಹಿರಿಯನು ಪಟ್ಟಿಯ ನೆರವಿಲ್ಲದೆಯೇ ಹೇಳಿಬಿಡುತ್ತಾನೆ. ಆದರೆ ಕುಷ್ಟಗಿಯನ್ನು ನೋಡಬೇಕು. ಅಲ್ಲಿ ಜೂನ್ 9ರಂದು ಮೃಗಶಿರೆ ಸುರಿಯಿತು, ಜುಲೈ 3ರಂದು ಆರಿದ್ರೆಯೂ ಸುರಿಯಿತು. ನಕ್ಷತ್ರದ ಲೆಕ್ಕದಲ್ಲಿ ಎರಡು ಮಳೆಗಳೂ ಆದಂತೆಯೇ. ಒಂದು ನಕ್ಷತ್ರದ ಮೊದಲ ದಿನಗಳಲ್ಲಿ, ಮುಂದಿನ ನಕ್ಷತ್ರದ ಕೊನೆಯ ದಿನಗಳಲ್ಲಿ ಮಳೆ ಬಿದ್ದುದರಿಂದ ನಡುವಣ 24 ದಿನಗಳು ಹೆಸರುಗಳ ಮರೆಯಲ್ಲಿ ಅಡಗಿಹೋದವು. ನಕ್ಷತ್ರ ಬಿತ್ತನೆಯ ಕಾಲವನ್ನು ಸೂಚಿಸಲು ಬಲ್ಲುದು. ಅಂತರವನ್ನು ಅಳೆಯಲು ದಿನವನ್ನೇ ಎಣಿಸಬೇಕು.

ದಿನವನ್ನು ಎಣಿಸುವುದೂ ಎಲ್ಲ ಕಾಲಕ್ಕೂ ಸರಳವಾಗಿರಲಿಲ್ಲ. 1948ರ ಸೆಪ್ಟೆಂಬರಿನವರೆಗೆ ಈ ಭಾಗ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದಿತು. ಅಲ್ಲಿಯ ಕಂದಾಯ ವ್ಯವಹಾರ ನಡೆಯುತ್ತಿದ್ದುದು ಫಸಲಿ ಶಕದಲ್ಲಿ. ಅದರ ಮೊದಲ ತಿಂಗಳು ಆಜೂರ್, ಎರಡನೆಯದು ದೈ, ಮೂರನೆಯದು ಬಹಮನ್. ಫಸಲಿ 1357 ಎಂದರೆ 1947ರ ಅಕ್ಟೋಬರಿನಿಂದ ಮುಂದಿನ ಅಕ್ಟೋಬರಿನವರೆಗಿನ ಕಾಲ. ಆದುದರಿಂದ ಫಸಲಿ ಸಂಖ್ಯೆಗೆ ವರ್ಷದ ಮೊದಲ ತಿಂಗಳುಗಳಲ್ಲಿ 590, ಜನವರಿಯ ಅನಂತರ 591 ಕೂಡಿಸಬೇಕು. ಇನ್ನು ಪಂಚಾಂಗದ ತಿಥಿಯನ್ನು ನೆಚ್ಚಿ ಬರೆದ ಲೆಕ್ಕವಾದರೆ ತೊಡಕು ಇನ್ನೂ ಹೆಚ್ಚು. ಚಾಂದ್ರಮಾಸದ ಮೂವತ್ತು ತಿಥಿಗಳು ಸುಮಾರು ಇಪ್ಪತ್ತೊಂಬತ್ತೂವರೆ ದಿನಗಳಲ್ಲಿ ಮುಗಿಯುತ್ತವೆ. ನಡುವೆ ತಿಥಿಕ್ಷಯ, ತಿಥಿವೃದ್ಧಿ, ಅಧಿಕಮಾಸಗಳೂ ಉಂಟು. ಪಂಚಮಿಯನ್ನು ದ್ವಾದಶಿಯಿಂದ ಕಳೆದು ಏಳು ದಿನವೆಂದರೆ ಅದು ಆರೋ ಎಂಟೋ ಆಗಿರಬಹುದು.

ಈ ತೊಡಕನ್ನು ನಮ್ಮ ಜ್ಯೋತಿಷ ಶಾಸ್ತ್ರಜ್ಞರು ಬಹು ಹಿಂದೆಯೇ ಬಿಡಿಸಿದ್ದರು. ಅವರ ಉಪಾಯದ ಹೆಸರು ‘ಅಹರ್ಗಣ’, ಅರ್ಥಾತ್ ದಿನಗಳ ರಾಶಿ. ಕ್ರಿ.ಪೂ. 3102ರ ಫೆಬ್ರವರಿ 18ಕ್ಕೆ ಸಲ್ಲುವ ಕಲಿಯುಗಾದಿಯಿಂದ ಇಷ್ಟದಿನದವರೆಗೆ ಸಂದ ದಿನಗಳನ್ನೆಲ್ಲ ಒಂದೇ ಸಂಖ್ಯೆಯಾಗಿ ಎಣಿಸುವುದು ಆ ಕ್ರಮ; ಗತಶಕವರ್ಷಕ್ಕೆ 3179 ಕೂಡಿಸಿದರೆ ಗತಕಲಿವರ್ಷ ದೊರೆತು ಗಣನೆ ಅಲ್ಲಿಂದ ಮುಂದುವರಿಯುತ್ತದೆ. ಯಾವ ಶಕದ, ಯಾವ ಮಾಸದ ದಿನವೇ ಆಗಲಿ ಒಮ್ಮೆ ಅಹರ್ಗಣಕ್ಕೆ ತಿರುಗಿತೆಂದರೆ ಅಂತರ ತಿಳಿಯಲು ಒಂದು ಸಂಖ್ಯೆಯಿಂದ ಇನ್ನೊಂದನ್ನು ಕಳೆದರೆ ತೀರಿತು. ತಿಂಗಳಿಗೆ ಮೂವತ್ತೋ ಮೂವತ್ತೊಂದೋ, ಫೆಬ್ರವರಿಗೆ ಇಪ್ಪತ್ತೆಂಟೋ ಇಪ್ಪತ್ತೊಂಬತ್ತೋ ಎಂಬ ಚಿಂತೆ ಉಳಿಯದು. ಇಂದಿನ ಗಣಕಯಂತ್ರ ಮಾಡುವುದೂ ಇದನ್ನೇ. ಎಕ್ಸೆಲ್ ಎಂಬ ಪಟ್ಟಿಯ ತಂತ್ರಾಂಶದಲ್ಲಿ 1900ರ ಜನವರಿ 1 ಎಂಬುದು ಒಂದನೆಯ ದಿನ. ಕಣ್ಣಿಗೆ ತಾರೀಖಾಗಿ ಕಾಣುವುದು ಒಳಗೆ ಬರಿಯ ಕ್ರಮಸಂಖ್ಯೆ. (1900 ಅಧಿಕವರ್ಷವಲ್ಲದಿದ್ದರೂ ಆ ತಂತ್ರಾಂಶ ಅದಕ್ಕೆ ಫೆಬ್ರವರಿ 29ನ್ನು ದಯಪಾಲಿಸಿದೆ. ಈಚಿನ ತಾರೀಖುಗಳ ಅಂತರಕ್ಕೆ ಅದರಿಂದ ಬಾಧೆಯಿಲ್ಲ.) ಯಂತ್ರಕ್ಕೆ ಹೇಳಬೇಕಾದ ಮಾತು ಇಷ್ಟೆ: ಈ ಸಾಲಿನ ಕೇಂದ್ರವೂ ಮೇಲಿನ ಸಾಲಿನ ಕೇಂದ್ರವೂ ಒಂದೇ ಆಗಿದ್ದರೆ ಕಳೆ, ಇಲ್ಲವಾದರೆ ಆ ಮನೆಯನ್ನು ಖಾಲಿ ಬಿಡು.

ಖಾಲಿ ಬಿಡುವ ಈ ಮಾತನ್ನು ಲಘುವಾಗಿ ಎಣಿಸಬಾರದು. ಪ್ರತಿ ಗುಂಪಿನ ಮೊದಲ ಸಾಲಿಗೆ ಹಿಂದಿನದೊಂದು ಸಾಲು ಇರುವುದಿಲ್ಲ. ಅಲ್ಲಿ ಸೊನ್ನೆ ಬರೆಯುವ ಅಭ್ಯಾಸ ಕೆಲವರಿಗೆ ಉಂಟು. ಸೊನ್ನೆಯೆಂದರೆ ಅದೇ ದಿನ ಇನ್ನೊಂದು ಮಳೆಯಾಯಿತೆಂದು ಅರ್ಥ. ಖಾಲಿಯೆಂದರೆ ಹಿಂದಿನದು ತಿಳಿಯದೆಂದು ಅರ್ಥ. ನಾಲ್ಕು ಸೊನ್ನೆಗಳು ಸೇರಿದರೆ ಮೇಲಿನ ಹತ್ತೊಂಬತ್ತರ ಸರಾಸರಿ ಹನ್ನೆರಡಕ್ಕೆ ಇಳಿದುಬಿಡುತ್ತದೆ. ನಿಜವಾಗಿಯೇ ಒಂದು ಕೇಂದ್ರದ ಒಂದೇ ದಿನಕ್ಕೆ ಎರಡು ಸಾಲುಗಳಿದ್ದರೆ ಮೊದಲು ಅವನ್ನು ಕೂಡಿಸಿ ಒಂದು ಮಾಡಬೇಕು. ಉತ್ತರ ಋಣಸಂಖ್ಯೆಯಾಗಿ ಬಂದರೆ ತಾರೀಖಿನ ಕ್ರಮ ತಪ್ಪಿದೆಯೆಂದೇ ತಿಳಿಯತಕ್ಕದ್ದು.

ಜೂನ್ 19ಕ್ಕೂ ಜುಲೈ 25ಕ್ಕೂ ಅಂತರ 36; ಆದರೆ ಎರಡು ಮಳೆ ದಿನಗಳ ನಡುವೆ ಒಣಗಿಹೋದ ದಿನಗಳು 35. ಎರಡು ತುದಿಗಳನ್ನೂ ಎಣಿಸುವ ನಮ್ಮ ಲೋಕರೂಢಿಯಂತಾದರೆ 37. ಮೂರೂ ಸಾಧುವೇ, ಒಂದೇ ಪಟ್ಟಿಯಲ್ಲಿ ಮೂರನ್ನೂ ಬೆರೆಸುವುದು ಮಾತ್ರ ಸಲ್ಲದು. ಬೆಳಗಿನ 8.30ರ ನಿಯಮದಿಂದಲೂ ಇಂಥದೇ ಒಂದು ತೊಡಕು ಹುಟ್ಟುತ್ತದೆ. ನಿನ್ನೆ ಸಂಜೆ ಬಿದ್ದ ಮಳೆ ಇಂದು ಅಳೆದಾಗ ಇಂದಿನ ತಾರೀಖಿಗೆ ದಾಖಲಾಗುತ್ತದೆ. ಕೇಂದ್ರವೊಂದು ಆದ್ಯಂತವಾಗಿ ಇದೇ ಕ್ರಮವನ್ನು ಹಿಡಿದಿದ್ದರೆ ಅದರ ಅಂತರಗಳು ಕೆಡವು. ಬರೆಯುವವನು ಬದಲಾಗಿ ಹೊಸಬನು ಮಳೆ ಬಿದ್ದ ದಿನವನ್ನೇ ಬರೆಯತೊಡಗಿದರೆ ಒಂದು ಅಂತರದಲ್ಲಿ ಒಂದು ದಿನ ಮಾಯವಾಗುತ್ತದೆ.

ಗುಂಪಿನ ಹೆಸರು ಯಾವುದಿರಬೇಕೆಂಬುದು ಇನ್ನೂ ದೊಡ್ಡ ಪ್ರಶ್ನೆ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದಾಗ ತಾಲ್ಲೂಕುಗಳು ಈ ನಾಲ್ಕೇ. 2017ರ ಆಯವ್ಯಯದಲ್ಲಿ ಘೋಷಿತವಾಗಿ ಅನಂತರ ಅಸ್ತಿತ್ವಕ್ಕೆ ಬಂದ ಹೊಸ ತಾಲ್ಲೂಕುಗಳಲ್ಲಿ ಕನಕಗಿರಿ, ಕಾರಟಗಿಗಳು ಗಂಗಾವತಿಯಿಂದಲೂ ಕುಕನೂರು ಯಲಬುರ್ಗಾದಿಂದಲೂ ಒಡೆದು ಬಂದವು. ತಾಲ್ಲೂಕಿನ ಹೆಸರಿನಿಂದ ಗುಂಪು ಮಾಡಿದವನ ಪಟ್ಟಿಯಲ್ಲಿ ಕುಕನೂರಿನ ಮಳೆಮಾಪಕ ಇದ್ದಲ್ಲಿಯೇ ಇದ್ದು ಗುಂಪನ್ನು ಬದಲಿಸಿತು. ಹಳೆಯ ಕೊನೆಯ ಮಳೆ ಒಂದು ಗುಂಪಿನಲ್ಲಿ, ಹೊಸ ಮೊದಲ ಮಳೆ ಇನ್ನೊಂದರಲ್ಲಿ ಉಳಿದು ನಡುವಣ ಅಂತರ ಯಾರ ಲೆಕ್ಕಕ್ಕೂ ಸೇರದೆ ಹೋಯಿತು. ಅಂತೆಯೇ ಒಂದು ತಾಲ್ಲೂಕಿನ ಹತ್ತಾರು ಕೇಂದ್ರಗಳನ್ನು ಒಂದೇ ಗುಂಪಾಗಿ ಹಿಡಿದರೆ ಮೊದಲು ಹೇಳಿದ ದೋಷವೇ ಬೇರೊಂದು ವೇಷದಲ್ಲಿ ಮರಳುತ್ತದೆ. ಈಗ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ತಾನಾಗಿಯೇ ವರದಿ ಕಳುಹಿಸುವ ಮಳೆಮಾಪಕಗಳನ್ನು ನೆಟ್ಟಿರುವುದರಿಂದ ಕೇಂದ್ರವನ್ನೇ ಗುಂಪಾಗಿ ಹಿಡಿಯಲು ಅಡ್ಡಿಯಿಲ್ಲ.

ಕೊನೆಗೆ ಉಳಿಯುವುದು ಮುಗಿಯದ ಅಂತರ. ಮೇಲಿನ ಪಟ್ಟಿಯಲ್ಲಿ ಯಲಬುರ್ಗಾಕ್ಕೆ 19 ದಿನಗಳ ಒಂದೇ ಅಂತರವಿದ್ದು, ನಾಲ್ಕರಲ್ಲಿ ಅದೇ ಹೆಚ್ಚು ನೆಮ್ಮದಿಯಿಂದ ಇರುವಂತೆ ತೋರುತ್ತದೆ. ಆದರೆ ಅಲ್ಲಿಯ ಕಡೆಯ ಮಳೆ ಜೂನ್ 30ರದು. ಪಟ್ಟಿ ಮುಗಿದ ಜುಲೈ 25ಕ್ಕೆ 25 ದಿನಗಳು ಸಂದಿವೆ, ಮಳೆ ಇನ್ನೂ ಬಂದಿಲ್ಲ. ಮುಂದಿನ ಸಾಲೇ ಇಲ್ಲವಾದುದರಿಂದ ಕಳೆಯುವ ಕ್ರಮ ಅದನ್ನು ಕಾಣಲಾರದು. ಹಾಗಾಗಿ ಪ್ರತಿ ಗುಂಪಿನ ಕಡೆಯ ಸಾಲಿನಿಂದ ಲೆಕ್ಕ ಮಾಡುವ ದಿನದವರೆಗಿನ ಎಣಿಕೆಯನ್ನು ಬೇರೆಯೇ ಒಂದು ಅಂಕಣದಲ್ಲಿ, ‘ಮುಂದುವರಿದಿದೆ’ ಎಂಬ ಷರಾದೊಡನೆ ಬರೆಯಬೇಕು. ಕುಷ್ಟಗಿಗೆ ಆ ಅಂಕಣದಲ್ಲಿ 17, ಗಂಗಾವತಿಗೆ 15, ಅಂದೇ ಮಳೆ ಕಂಡ ಕೊಪ್ಪಳಕ್ಕೆ 0, ಯಲಬುರ್ಗಾಕ್ಕೆ 25 ಬರುತ್ತವೆ. ಮರುದಿನವೂ ಮಳೆ ಬಾರದಿದ್ದರೆ ಆ 25ನ್ನು ಹೊಡೆದು 26 ಎಂದು ಬರೆಯಬೇಕಾಗುತ್ತದೆ.