ಜಪಾನಿನ ತೈಲನೌಕೆಗಳು
ಯುದ್ಧನೌಕೆಯ ಪ್ರತಾಪವನ್ನು ಎಲ್ಲರೂ ಕೊಂಡಾಡುವರು. ಅದರ ಹೊಟ್ಟೆಗೆ ಎಣ್ಣೆಯನ್ನು ಹೊತ್ತು ತರುವ ಹಡಗನ್ನು ಕೇಳುವವರಿಲ್ಲ. ತಿಲದಿಂದ ಹುಟ್ಟಿದುದು ತೈಲವೆಂದು ವ್ಯಾಕರಣವು ಹೇಳಿದರೂ, ಈ ತೈಲವು ದೊರೆಯುವುದು ಭೂಗರ್ಭದಲ್ಲಿ. ಜಪಾನಿನ ನೆಲದಲ್ಲಾದರೋ ಅದು ಅತ್ಯಲ್ಪ. ಆದುದರಿಂದ ಆ ದೇಶದ ನೌಕಾಬಲವು 1920ರ ದಶಕದ ಆರಂಭದಲ್ಲಿ ಷಿರೆಟೊಕೊ ವರ್ಗದ ತೈಲನೌಕೆಗಳನ್ನು ಕಟ್ಟಿಸಿತು. ಒಂದೊಂದೂ ಸುಮಾರು 8,000 ಟನ್ನು ಎಣ್ಣೆಯನ್ನು ಹೊರಬಲ್ಲುದಾಗಿದ್ದಿತು. ಎರಿಮೊ, ಸಾತಾ, ಇರೊ ಎಂಬಿವು ಭೂಶಿರಗಳ ಹೆಸರುಗಳು. ನರುತೊ ಎಂಬುದು ಜಲಸಂಧಿಯದು. ನೊತೊರೊ ಎಂಬುದು ಮಾತ್ರ ವೃತ್ತಿಯನ್ನೇ ಬದಲಿಸಿ ಕಡಲವಿಮಾನಗಳನ್ನು ಹೊತ್ತಿತು. ಅವು 1932ರಲ್ಲಿ ಷಾಂಘೈ ಕದನದಲ್ಲಿ ಭಾಗವಹಿಸಿದುವು.

ಜಪಾನು ಕೊಳ್ಳುತ್ತಿದ್ದ ಎಣ್ಣೆಯ ಬಹುಭಾಗವು ಅಮೆರಿಕೆಯದೆಂಬುದೇ ವಿಚಿತ್ರ. 1941ರಲ್ಲಿ ಅಮೆರಿಕೆಯು ಅದನ್ನು ನಿಲ್ಲಿಸಲು, ಅದೇ ವರ್ಷ ಡಿಸೆಂಬರಿನಲ್ಲಿ ಯುದ್ಧವು ಹೊತ್ತಿಕೊಂಡಿತು. 1944ರ ಮಾರ್ಚಿಯಲ್ಲಿ ಅಮೆರಿಕೆಯ ವಿಮಾನಗಳು ಪಲಾವು ದ್ವೀಪಗಳಲ್ಲಿ ಇರೊ, ಸಾತಾಗಳೆರಡನ್ನೂ ಹೊಡೆದು ಮುಳುಗಿಸಿದುವು. ಇರೊ ಇಂದಿಗೂ ಕಡಲ ತಳದಲ್ಲಿ ನೆಟ್ಟಗೆ ಕುಳಿತಿದೆ. ಸಾತಾ ಮಗುಚಿ ಬಿದ್ದಿದೆ.