ಇಂಜಿನ್ನಿಗೆ ಗಾಳಿಯೂಡುವ ಎರಡು ವಿಧಾನಗಳು: ಬೆಂಗಳೂರಿನ ನಿದರ್ಶನ

ಅಂತರ್ದಹನ ಯಂತ್ರದ ಬೆಳವಣಿಗೆಯನ್ನು ನಿರೂಪಿಸುವವರು ಸೂಪರ್‌ಚಾರ್ಜರನ್ನು ಹಳೆಯ ಸಾಧನವೆಂದೂ, ಟರ್ಬೋಚಾರ್ಜರನ್ನು ಅದರ ಸ್ಥಾನಕ್ಕೆ ಬಂದ ಹೊಸ ಸಾಧನವೆಂದೂ ವರ್ಣಿಸುವುದುಂಟು. ಈ ಅಭಿಪ್ರಾಯವು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಬೆಂಗಳೂರಿನಲ್ಲಿ ದುರಸ್ತಿಗೊಂಡ ಎರಡು ಬಗೆಯ ವಿಮಾನಗಳ ಆಧಾರದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಂಧನವು ಉರಿಯಬೇಕಾದರೆ ಗಾಳಿ ಬೇಕು. ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಸಾಂದ್ರತೆ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲಿನಷ್ಟು ಕಡಿಮೆ. ಆದುದರಿಂದ ತಾನಾಗಿಯೇ ಗಾಳಿಯನ್ನು ಸೆಳೆದುಕೊಳ್ಳುವ ಇಂಜಿನ್ನು ಮಂಗಳೂರಿನಲ್ಲಿ ನೀಡುವಷ್ಟು ಸಾಮರ್ಥ್ಯವನ್ನು ಇಲ್ಲಿ ನೀಡಲಾರದು. 20,000 ಅಡಿಗಳ ಎತ್ತರದಲ್ಲಂತೂ ಸಾಂದ್ರತೆಯು ಬಹುಮಟ್ಟಿಗೆ ಅರ್ಧಕ್ಕಿಳಿಯುತ್ತದೆ. ಈ ಕೊರತೆಯನ್ನು ನೀಗಲು ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವ ಸಂಕೋಚಕವನ್ನು ಜೋಡಿಸುತ್ತಾರೆ. ಅದನ್ನು ಇಂಜಿನ್ನಿನ ದಂಡವೇ ಹಲ್ಲುಚಕ್ರಗಳ ಅಥವಾ ಪಟ್ಟಿಯ ಮೂಲಕ ತಿರುಗಿಸಿದರೆ ಸೂಪರ್‌ಚಾರ್ಜರ್; ಹೊರಹೋಗುವ ಬಿಸಿ ಹೊಗೆಯು ಟರ್ಬೈನಿನ ಮೂಲಕ ತಿರುಗಿಸಿದರೆ ಟರ್ಬೋಚಾರ್ಜರ್. ಭೇದವಿರುವುದು ಗಾಳಿಯಲ್ಲಲ್ಲ, ಗಾಳಿಯನ್ನು ಒತ್ತುವ ಶಕ್ತಿಯ ಮೂಲದಲ್ಲಿ.

ಎರಡನೆಯ ವಿಧಾನವೂ ಇತ್ತೀಚಿನದಲ್ಲ. ಸ್ವಿಟ್ಜರ್‌ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲಿಯೇ ಇದಕ್ಕೆ ಸ್ವಾಮ್ಯಪತ್ರ ಪಡೆದನು. 1918ರಲ್ಲಿ ಅಮೆರಿಕೆಯ ಸ್ಯಾನ್‌ಫರ್ಡ್ ಮಾಸ್, ಸುಮಾರು 14,000 ಅಡಿ ಎತ್ತರದ ಪೈಕ್ಸ್ ಪೀಕ್ ಶಿಖರಕ್ಕೆ ಲಿಬರ್ಟಿ ಎಂಬ ವಿಮಾನದ ಇಂಜಿನ್ನನ್ನು ಸಾಗಿಸಿ ಪರೀಕ್ಷಿಸಿದನು. ಸಮುದ್ರಮಟ್ಟದಲ್ಲಿ ಸುಮಾರು 350 ಅಶ್ವಶಕ್ತಿ ನೀಡುತ್ತಿದ್ದ ಆ ಇಂಜಿನ್ನು ಶಿಖರದಲ್ಲಿ ಸುಮಾರು 230ಕ್ಕೆ ಕುಸಿದಿತ್ತು. ಟರ್ಬೈನನ್ನು ಜೋಡಿಸಿದೊಡನೆ ಮತ್ತೆ 350ನ್ನು ಮುಟ್ಟಿತು.

ಬೆಂಗಳೂರಿನಲ್ಲಿ 1940ರ ಡಿಸೆಂಬರಿನಲ್ಲಿ ಸ್ಥಾಪಿತವಾದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು ಯುದ್ಧಾನಂತರ ಡಕೋಟಾ ವಿಮಾನಗಳನ್ನು ನಾಗರಿಕ ಸಂಚಾರಕ್ಕೆ ಅಳವಡಿಸಿತು. ಕಾನ್ಪುರದಲ್ಲಿ ಬ್ರಿಟಿಷರು ಕೆಡಿಸಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರುಗಳನ್ನು ಅದೇ ಕಾರ್ಖಾನೆಯು ಇಲ್ಲಿಗೆ ತರಿಸಿ ದುರಸ್ತಿಮಾಡಿ, 1948ರಿಂದ ವಾಯುಪಡೆಗೆ ಒಪ್ಪಿಸತೊಡಗಿತು. ಅವು 1968ರವರೆಗೆ ಸೇವೆಯಲ್ಲಿದ್ದವು. ಗಮನಾರ್ಹವಾದ ಸಂಗತಿಯೆಂದರೆ, ಎರಡು ಬಗೆಯ ವಿಮಾನಗಳಲ್ಲಿಯೂ ಇದ್ದದ್ದು ಪ್ರ್ಯಾಟ್ ಅಂಡ್ ವಿಟ್ನಿ ಸಂಸ್ಥೆಯ 14 ಸಿಲಿಂಡರುಗಳ, ಸುಮಾರು 1,200 ಅಶ್ವಶಕ್ತಿಯ ಒಂದೇ ವಂಶದ ಇಂಜಿನ್ನು. ಡಕೋಟಾದಲ್ಲಿ ಹಲ್ಲುಚಕ್ರದ ಸೂಪರ್‌ಚಾರ್ಜರ್ ಮಾತ್ರವಿತ್ತು. ದಂಡವು ನಿಮಿಷಕ್ಕೆ 2,700 ಸುತ್ತು ತಿರುಗಿದರೆ ಅದರ ಚಕ್ರವು ಸುಮಾರು 19,000 ಸುತ್ತು ತಿರುಗುತ್ತಿತ್ತು. ಏಳೆಂಟು ಸಾವಿರ ಅಡಿಗಳ ಮೇಲೆ ಸಾಮರ್ಥ್ಯವು ಇಳಿಯುತ್ತಿತ್ತಾದರೂ, ಕೆಳಮಟ್ಟದಲ್ಲಿ ಹಾರುವ ಸಾಗಣೆಯ ವಿಮಾನಕ್ಕೆ ಅಷ್ಟೇ ಸಾಕಾಗಿತ್ತು. ಲಿಬರೇಟರಿನಲ್ಲಿ ಅದೇ ಸೂಪರ್‌ಚಾರ್ಜರಿನ ಜೊತೆಗೆ ಹೊಗೆಯ ಟರ್ಬೈನೂ ಇದ್ದುದರಿಂದ 20,000 ಅಡಿಗಳಾಚೆಗೂ ಪೂರ್ಣ ಸಾಮರ್ಥ್ಯ ಉಳಿಯುತ್ತಿತ್ತು. ಹೀಗೆ ಹೊಸದು ಹಳೆಯದನ್ನು ಹೊರಗಟ್ಟಲಿಲ್ಲ, ಅದರೊಡನೆ ಕೂಡಿ ದುಡಿಯಿತು.

ಇನ್ನು ಭೂಮಿಯ ಮೇಲಿನ ವಾಹನಗಳ ವಿಚಾರ. ದಂಡವನ್ನು ತಿರುಗಿಸುವ ಬಲಕ್ಕೆ ಟಾರ್ಕ್ ಎಂದು ಹೆಸರು. ಅದನ್ನು ತಿರುಗುವ ವೇಗದಿಂದ ಗುಣಿಸಿದರೆ ಸಾಮರ್ಥ್ಯ ದೊರೆಯುತ್ತದೆ. ಎರಡು ರೆಕ್ಕೆಚಕ್ರಗಳುಳ್ಳ ರೂಟ್ಸ್ ಮಾದರಿಯ ಸೂಪರ್‌ಚಾರ್ಜರು ದಂಡದೊಡನೆಯೇ ತಿರುಗುವುದರಿಂದ ಕಡಮೆ ವೇಗದಲ್ಲಿಯೂ ಒತ್ತಡವನ್ನು ಕೊಡುತ್ತದೆ. ಟಾರ್ಕ್ ಆರಂಭದಿಂದಲೇ ತುಂಬಿರುತ್ತದೆ. ಆದರೆ ಅದನ್ನು ತಿರುಗಿಸುವ ವೆಚ್ಚವನ್ನು ದಂಡವೇ ಭರಿಸಬೇಕು. ಟರ್ಬೋಚಾರ್ಜರು ವ್ಯರ್ಥವಾಗುವ ಶಕ್ತಿಯನ್ನು ಬಳಸುವುದರಿಂದ ಮಿತವ್ಯಯಿ. ಆದರೂ ಹೊಗೆಯ ದಾರಿಗೆ ಸ್ವಲ್ಪ ತಡೆಯೊಡ್ಡುವುದರಿಂದ ಅದು ಪೂರ್ಣವಾಗಿ ಪುಕ್ಕಟೆಯಲ್ಲ. ಮೇಲಾಗಿ, ಹೊಗೆ ಹೆಚ್ಚಿದ ಮೇಲೆಯೇ ಟರ್ಬೈನು ವೇಗವನ್ನು ಪಡೆಯಬೇಕು. ಆದುದರಿಂದ ಮೊದಲು ಟಾರ್ಕ್ ಮಂದವಾಗಿದ್ದು, ಬಳಿಕ ಥಟ್ಟನೆ ಏರುತ್ತದೆ. ಈ ನಡುವಣ ವಿಳಂಬವನ್ನು ಕಣ್ಣಾರೆ ಕಾಣಬಹುದಾಗಿತ್ತು. 1962ರಿಂದ ಬಳಕೆಗೆ ಬಂದ 2,600 ಅಶ್ವಶಕ್ತಿಯ ಡಬ್ಲ್ಯು.ಡಿ.ಎಂ.2 ಡೀಸೆಲ್ ರೈಲುಯಂತ್ರವು ಹೊರಡುವಾಗ ಕಾರುತ್ತಿದ್ದ ಕಪ್ಪು ಹೊಗೆಯನ್ನು ಯಶವಂತಪುರಕ್ಕೆ ಸಮೀಪದ ಬಸವೇಶ್ವರನಗರದ ಹಿರಿಯರು ಬಲ್ಲರು. ಇಂಧನ ಮೊದಲು ಬಂದು ಗಾಳಿ ತಡವಾಗಿ ಬಂದುದರ ಕುರುಹೇ ಆ ಹೊಗೆ.

ಹುಬ್ಬಳ್ಳಿಯ ಶೆಡ್ಡಿಗೆ 1999ರಿಂದ ಬಂದ 4,000 ಅಶ್ವಶಕ್ತಿಯ ಡಬ್ಲ್ಯು.ಡಿ.ಜಿ.4 ಯಂತ್ರಗಳಲ್ಲಿ ಇನ್ನೊಂದು ಪರಿಹಾರವಿದೆ. ಅವುಗಳ ಎರಡು ಹೊಡೆತದ ಇಂಜಿನ್ನು ತಾನಾಗಿ ಗಾಳಿಯನ್ನು ಸೆಳೆಯಲಾರದು. ಮೊದಲ ಕ್ಷಣದಿಂದಲೇ ಗಾಳಿಯನ್ನು ಒತ್ತಿಕೊಡಬೇಕು. ಆದುದರಿಂದ ಕಡಮೆ ಹೊರೆಯಲ್ಲಿ ಟರ್ಬೋಚಾರ್ಜರನ್ನು ಹಲ್ಲುಚಕ್ರಗಳು ತಿರುಗಿಸುತ್ತವೆ. ಹೊಗೆಯ ಬಲ ಸಾಕಷ್ಟಾದಾಗ ಕ್ಲಚ್ ಬಿಡಿಸಿಕೊಂಡು ಟರ್ಬೈನು ಸ್ವತಂತ್ರವಾಗುತ್ತದೆ. ಒಂದೇ ಸಾಧನವು ಮೊದಲು ಸೂಪರ್‌ಚಾರ್ಜರ್, ಆಮೇಲೆ ಟರ್ಬೋಚಾರ್ಜರ್!

ಇವುಗಳಿಂದ ಸಿದ್ಧವಾಗುವುದಿಷ್ಟು: ಎರಡು ವಿಧಾನಗಳ ಸಂಬಂಧವು ಪೂರ್ವೋತ್ತರಗಳದ್ದಲ್ಲ, ಪ್ರಯೋಜನಭೇದದ್ದು. ತತ್‌ಕ್ಷಣದ ಟಾರ್ಕ್ ಬೇಕಾದಲ್ಲಿ ದಂಡದ ನಂಟು, ಮಿತವ್ಯಯವೂ ಎತ್ತರದಲ್ಲಿ ಸಾಮರ್ಥ್ಯವೂ ಬೇಕಾದಲ್ಲಿ ಹೊಗೆಯ ನಂಟು. ಯಂತ್ರಗಳ ಚರಿತ್ರೆಯನ್ನು ರಾಜವಂಶಾವಳಿಯಂತೆ, ಒಂದರ ಪತನದ ಮೇಲೆ ಇನ್ನೊಂದರ ಪಟ್ಟಾಭಿಷೇಕವೆಂದು ಬರೆದರೆ ಈ ವಿವೇಕವು ಮರೆಯಾಗುತ್ತದೆ. ಶಾಸನವನ್ನು ಓದುವಷ್ಟೇ ಶ್ರದ್ಧೆಯಿಂದ ಹಲ್ಲುಚಕ್ರವನ್ನೂ ಓದುವ ಅಭ್ಯಾಸವನ್ನು ಚರಿತ್ರೆಯ ವಿದ್ಯಾರ್ಥಿಗಳು ಬೆಳೆಸಿಕೊಳ್ಳುವುದು ಯುಕ್ತ.